ಹಳೆಯ ಟ್ರಾಫಿಕ್ ಸಿಗ್ನಲ್‌ಗಳ ಬದಲಾವಣೆ: ಹಣ ಯಾವುದಕ್ಕೆ ಹೋಗಬೇಕು?

ಪ್ರಶ್ನೆ: ನಮ್ಮ ಪೌರಸಂಸ್ಥೆ ಮುಖ್ಯರಸ್ತೆಯ ಟ್ರಾಫಿಕ್ ಸಿಗ್ನಲ್‌ಗಳನ್ನು ಬದಲಿಸಲು ಈ ಸಾಲಿನ ಬಜೆಟ್‌ನಲ್ಲಿ ದೊಡ್ಡ ಮೊತ್ತವನ್ನು ತೆಗೆದಿರಿಸಿದೆ. ಅವು 25 ವರ್ಷ ಹಳೆಯವು ಎಂಬುದಷ್ಟೇ ಕೊಟ್ಟಿರುವ ಕಾರಣ. ಆದರೆ ದೀಪಗಳು ದಿನವೂ ಉರಿಯುತ್ತಿವೆ. ಕೆಲವು ವರ್ಷಗಳ ಹಿಂದೆ ಬಲ್ಬ್‌ಗಳನ್ನು ತೆಗೆದು ಎಲ್‌ಇಡಿ ಹಾಕಿದ್ದೂ ಆಗಿದೆ. ಹೀಗಿರುವಾಗ ಇದು ಗುತ್ತಿಗೆದಾರರಿಗೆ ಲಾಭ ಮಾಡಿಕೊಡುವ ಖರ್ಚಲ್ಲವೇ? ನಮಗಿರುವ ತೊಂದರೆಗಳೇ ಬೇರೆ. ಮಧ್ಯರಾತ್ರಿ ಅಡ್ಡರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಮುಖ್ಯರಸ್ತೆಗೆ ಕೆಂಪು ಬೀಳುತ್ತದೆ. ನನ್ನ ತಾಯಿಗೆ ಎಪ್ಪತ್ತೆಂಟು ವರ್ಷ. ಅವರು ರಸ್ತೆಯ ಮಧ್ಯಕ್ಕೆ ಬರುವಷ್ಟರಲ್ಲಿ ಪಾದಚಾರಿಗಳ ಹಸಿರು ಮುಗಿದಿರುತ್ತದೆ. ಹೊಸ ಸಿಗ್ನಲ್ ಜೊತೆಗೆ ಕ್ಯಾಮೆರಾಗಳೂ ಬರುತ್ತವೆ, ದಂಡ ವಸೂಲಿಯೇ ಅಸಲಿ ಉದ್ದೇಶ ಎಂದು ನೆರೆಯವರು ಹೇಳುತ್ತಾರೆ. ಇನ್ನು ಕೆಲವರು ಸಿಗ್ನಲ್‌ಗಳನ್ನೇ ತೆಗೆದುಹಾಕಿದರೆ ಸಂಚಾರ ಸುಗಮವಾಗುತ್ತದೆ ಎನ್ನುತ್ತಾರೆ. ಸಾರ್ವಜನಿಕ ಸಭೆಯಲ್ಲಿ ನಾವು ಏನು ಕೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಕೆಲಸ ಮಾಡುತ್ತಿರುವುದನ್ನು ಕಿತ್ತು ಹೊಸದನ್ನು ಹಾಕುವುದು ಸಾರ್ವಜನಿಕ ಹಣದ ಪೋಲಲ್ಲವೇ ಎಂಬುದು ಮೊದಲನೆಯದು. ಅಷ್ಟೆಲ್ಲ ಖರ್ಚಾದ ಮೇಲೂ ರಾತ್ರಿಯ ವೃಥಾ ಕಾಯುವಿಕೆ ಮತ್ತು ತಾಯಿಯವರ ಕಷ್ಟ ಹಾಗೆಯೇ ಉಳಿದರೆ ಗತಿಯೇನು ಎಂಬುದು ಎರಡನೆಯದು. ಸಿಗ್ನಲ್‌ಗಳ ವಿನ್ಯಾಸ ಮತ್ತು ನಿರ್ವಹಣೆಯ ಕೆಲಸ ಮಾಡಿಕೊಂಡು ಬಂದವನಾಗಿ ನನಗೆ ಎರಡನೆಯ ಆತಂಕವೇ ಹೆಚ್ಚು ಗಟ್ಟಿಯಾದದ್ದು ಎನಿಸುತ್ತದೆ. 25 ವರ್ಷದ ಸಿಗ್ನಲ್ ಬದಲಾಗಬೇಕಾದದ್ದೇ. ಆದರೆ ಉಪಕರಣಕ್ಕೆ ಹಣ ಕೊಟ್ಟು, ಆ ಉಪಕರಣಕ್ಕೆ ಏನು ಮಾಡಬೇಕೆಂದು ಹೇಳುವ ಸಮಯ ಯೋಜನೆಗೂ ಮುಂದಿನ ವರ್ಷಗಳ ನಿರ್ವಹಣೆಗೂ ಹಣ ಕೊಡದೆ ಹೋದರೆ, ಹೊಸ ಕಂಬದ ಮೇಲೆ ಹಳೆಯ ತೊಂದರೆಯೇ ಉರಿಯುತ್ತಿರುತ್ತದೆ. ಹೀಗೆ ಆಗುವುದನ್ನು ನಾನು ಸಾಕಷ್ಟು ಕಂಡಿದ್ದೇನೆ.

ಮೊದಲು ಎಲ್‌ಇಡಿಯ ವಿಷಯ. ದೀಪ ಬದಲಾಯಿತೆಂದರೆ ಸಿಗ್ನಲ್ ಹೊಸದಾಯಿತು ಎಂಬ ನಂಬಿಕೆ ಸಾಮಾನ್ಯ, ಮತ್ತು ಅದಕ್ಕೆ ಆಡಳಿತಗಳೇ ಕಾರಣ, ಏಕೆಂದರೆ ಅವು ಹಾಗೆಂದೇ ಪ್ರಚಾರ ಮಾಡುತ್ತವೆ. ಎಲ್‌ಇಡಿಯಿಂದ ಆಗುವ ಉಳಿತಾಯ ನಿಜವಾದದ್ದು. ಹಳೆಯ ಮಾದರಿಯ 135 ವ್ಯಾಟ್ ಬಲ್ಬ್‌ನ ಜಾಗದಲ್ಲಿ ಸುಮಾರು 12 ವ್ಯಾಟ್‌ನ ಎಲ್‌ಇಡಿ ಸಾಕಾಗುತ್ತದೆ. ಒಂದು ಸಿಗ್ನಲ್ ತಲೆಯಲ್ಲಿ, ಅಂದರೆ ಕೆಂಪು-ಹಳದಿ-ಹಸಿರು ದೀಪಗಳ ಒಂದು ಕಟ್ಟಿನಲ್ಲಿ, ಯಾವ ಹೊತ್ತಿನಲ್ಲಾದರೂ ಒಂದು ಬಣ್ಣ ಉರಿಯುತ್ತಲೇ ಇರುವುದರಿಂದ, ವರ್ಷದ 8,760 ಗಂಟೆಗಳಿಗೆ ಲೆಕ್ಕ ಹಾಕಿದರೆ ಬಲ್ಬ್ ಸುಮಾರು 1,180 ಯೂನಿಟ್ ವಿದ್ಯುತ್ ತಿನ್ನುವಲ್ಲಿ ಎಲ್‌ಇಡಿ ಸುಮಾರು 105 ಯೂನಿಟ್ ಬಳಸುತ್ತದೆ. ಹನ್ನೆರಡು ತಲೆಗಳಿರುವ ಒಂದು ಜಂಕ್ಷನ್‌ಗೆ ಇದನ್ನು ಗುಣಿಸಿ ನೋಡಿದರೆ, ಹಣ ಸಿಕ್ಕಾಗಲೆಲ್ಲ ಆಡಳಿತಗಳು ಮೊದಲು ದೀಪವನ್ನೇ ಏಕೆ ಬದಲಿಸುತ್ತವೆ ಎಂಬುದು ತಿಳಿಯುತ್ತದೆ: ಅಲ್ಲಿ ಹಾಕಿದ ಹಣ ವಿದ್ಯುತ್ ಬಿಲ್ಲಿನಲ್ಲಿ ಕಣ್ಣಿಗೆ ಕಾಣುವಂತೆ ಮರಳಿ ಬರುತ್ತದೆ. ಜಂಕ್ಷನ್‌ನ ಪೆಟ್ಟಿಗೆಯೊಳಗಿದ್ದು ಯಾವ ದೀಪ ಯಾವಾಗ ಉರಿಯಬೇಕೆಂದು ನಿರ್ಧರಿಸುವ ಯಂತ್ರವಾದ ಕಂಟ್ರೋಲರ್ ಬದಲಿಸಿದರೆ ಬಿಲ್ಲಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯವೇನೂ ಕಾಣುವುದಿಲ್ಲ, ಆದ್ದರಿಂದ ಅದು ವರ್ಷದಿಂದ ವರ್ಷಕ್ಕೆ ಮುಂದೂಡಲ್ಪಡುತ್ತದೆ.

ಇದರಲ್ಲಿ ಒಂದು ತಾಂತ್ರಿಕ ತೊಡಕೂ ಇದೆ. ಬಲ್ಬ್‌ಗಳ ಕಾಲದಲ್ಲಿ ವಿನ್ಯಾಸಗೊಂಡ ಕಂಟ್ರೋಲರ್, ದೀಪ ಉರಿಯುತ್ತಿದೆಯೇ ಎಂಬುದನ್ನು ಅದು ಎಳೆಯುವ ವಿದ್ಯುತ್ತಿನ ಪ್ರಮಾಣದಿಂದ ಗುರುತಿಸುತ್ತದೆ. ಎಲ್‌ಇಡಿ ಎಳೆಯುವುದು ಎಷ್ಟು ಕಡಿಮೆಯೆಂದರೆ, ಉರಿಯುತ್ತಿರುವ ದೀಪವನ್ನೂ ಹಳೆಯ ಯಂತ್ರ ಸುಟ್ಟುಹೋದದ್ದೆಂದು ತಿಳಿಯಬಹುದು. ಅದನ್ನು ಸರಿದೂಗಿಸಲು ತಂತ್ರಜ್ಞರು ದೀಪದ ಜೊತೆಗೆ ರೆಸಿಸ್ಟರ್ ಒಂದನ್ನು ಜೋಡಿಸುತ್ತಾರೆ. ಅಂದರೆ ಉಳಿಸಿದ ವಿದ್ಯುತ್ತಿನ ಒಂದು ಪಾಲನ್ನು ಬರಿದೇ ಬಿಸಿ ಮಾಡಲು ಖರ್ಚು ಮಾಡುತ್ತಾರೆ. ಇನ್ನು ಕೆಲವು ಕಡೆ ಹಳೆಯ ಸ್ವಿಚ್ ಪೂರ್ತಿ ಆಫ್ ಆದ ಮೇಲೂ ಅದರ ಮೂಲಕ ಸೋರುವ ಅಲ್ಪ ವಿದ್ಯುತ್ತಿಗೇ ಎಲ್‌ಇಡಿ ಮಿಣುಕುತ್ತದೆ. ಬಲ್ಬಾಗಿದ್ದರೆ ಅಷ್ಟು ವಿದ್ಯುತ್ತಿಗೆ ಅದರ ತಂತಿ ಕೆಂಪಗೂ ಆಗುತ್ತಿರಲಿಲ್ಲ. ನಿಮ್ಮ ರಸ್ತೆಯಲ್ಲಿ ಕತ್ತಲಾದ ಮೇಲೆ ಕೆಂಪು ಉರಿಯುವಾಗ ಹಸಿರೂ ಮಂಕಾಗಿ ಹೊಳೆಯುತ್ತಿದ್ದರೆ ಅದನ್ನು ಅಲಕ್ಷಿಸಬೇಡಿ, ದೂರು ಕೊಡಿ.

ಹಾಗಾದರೆ ವಯಸ್ಸಾಗುವುದು ಯಾವುದಕ್ಕೆ? ಜಂಕ್ಷನ್‌ನ ಮೂಲೆಯಲ್ಲಿ ನಿಂತಿರುವ ಆ ಬೂದು ಬಣ್ಣದ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡುವ ಅವಕಾಶ ಸಿಕ್ಕರೆ ಉತ್ತರ ಅಲ್ಲೇ ಇರುತ್ತದೆ. ಬಾಗಿಲಿನ ಒಳಮೈಗೆ ಅಂಟಿಸಿದ ಸಮಯದ ಪಟ್ಟಿ, ಅಂದರೆ ಯಾವ ದಿಕ್ಕಿಗೆ ಎಷ್ಟು ಸೆಕೆಂಡ್ ಹಸಿರು ಎಂದು ಬರೆದ ಹಾಳೆ, ಹಳದಿಗಟ್ಟಿರುತ್ತದೆ; ಅದರ ಮೇಲಿನ ದಿನಾಂಕವನ್ನು ಓದಿದರೆ, ಈಗಿರುವ ಅರ್ಧ ಬಡಾವಣೆಗಳು ಇನ್ನೂ ಹುಟ್ಟದಿದ್ದಾಗ ಆ ಲೆಕ್ಕ ಹಾಕಿದ್ದೆಂದು ಗೊತ್ತಾಗುತ್ತದೆ. ಕೆಳಗೆ ಕೇಬಲ್ ಒಳಬರುವ ರಂಧ್ರದ ಸುತ್ತ ಇರುವೆಗಳ ಮಣ್ಣು, ಇಲಿ ಕಡಿದ ಹೊದಿಕೆ, ಮಳೆಗಾಲದ ತೇವದಿಂದ ಹಸಿರುಗಟ್ಟಿದ ತಾಮ್ರದ ತುದಿಗಳು. ಪ್ರತಿ ದುರಸ್ತಿಯಲ್ಲೂ ಒಬ್ಬೊಬ್ಬರು ಸೇರಿಸಿದ ಒಂದೊಂದು ಬಣ್ಣದ ತಂತಿ, ಅವುಗಳಲ್ಲಿ ಹೆಚ್ಚಿನವಕ್ಕೆ ಗುರುತಿನ ಚೀಟಿ ಇರುವುದಿಲ್ಲ. ಕಂಟ್ರೋಲರ್‌ನ ಬಿಡಿಭಾಗ ತಯಾರಿಕೆ ನಿಂತು ವರ್ಷಗಳಾಗಿರುತ್ತವೆ, ಆದ್ದರಿಂದ ಒಂದು ಜಂಕ್ಷನ್‌ನಲ್ಲಿ ಕೆಟ್ಟ ಸರ್ಕ್ಯೂಟ್ ಕಾರ್ಡ್‌ಗೆ ಇನ್ನೊಂದು ಜಂಕ್ಷನ್‌ನಿಂದ ಕಿತ್ತ ಕಾರ್ಡೇ ಗತಿ. ಅದನ್ನು ಪ್ರೋಗ್ರಾಂ ಮಾಡಲು ಬರುವ ತಂತ್ರಜ್ಞರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿರುತ್ತಾರೆ. ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಇಂಥ ಉಪಕರಣಗಳ ಬಾಳಿಕೆಯನ್ನು 15ರಿಂದ 20 ವರ್ಷವೆಂದು ಎಣಿಸುತ್ತಾರೆ. ಅದರಾಚೆಗೆ ಯಂತ್ರ ಒಮ್ಮೆಲೇ ನಿಂತುಹೋಗುತ್ತದೆಂದೇನಲ್ಲ, ಕೆಟ್ಟಾಗ ಸರಿಪಡಿಸಲು ತಗಲುವ ಸಮಯ ಗಂಟೆಗಳಿಂದ ವಾರಗಳಿಗೆ ಏರುತ್ತದೆ.

ಹಳೆಯ ಸಿಗ್ನಲ್ ಒಂದು ದಿನ ಎಲ್ಲ ದಿಕ್ಕಿಗೂ ಒಟ್ಟಿಗೆ ಹಸಿರು ತೋರಿಸಿಬಿಟ್ಟರೆ ಎಂದು ಕೆಲವರು ಹೆದರುತ್ತಾರೆ. ಈ ಭಯ ಬಹುಮಟ್ಟಿಗೆ ಅನಗತ್ಯ. ಕಂಟ್ರೋಲರ್‌ಗಿಂತ ಪ್ರತ್ಯೇಕವಾದ ಕಾವಲು ವ್ಯವಸ್ಥೆಯೊಂದು ದೀಪಗಳಿಗೆ ಹೋಗುವ ವೋಲ್ಟೇಜನ್ನು ನಿರಂತರವಾಗಿ ನೋಡುತ್ತಿರುತ್ತದೆ. ಪರಸ್ಪರ ಅಡ್ಡಹಾಯುವ ಎರಡು ದಿಕ್ಕಿಗೆ ಹಸಿರು ಹೋಗುತ್ತಿದೆಯೆಂದು ಕಂಡರೆ ಒಂದು ಸೆಕೆಂಡಿನೊಳಗೆ ಇಡೀ ಜಂಕ್ಷನ್ನನ್ನು ಮಿನುಗುವ ಸ್ಥಿತಿಗೆ ತರುತ್ತದೆ ಅಥವಾ ಆರಿಸುತ್ತದೆ. 2014ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರಸ್ತೆ ಇಲಾಖೆಯೊಂದರ ಒಪ್ಪಿಗೆ ಪಡೆದು, ರೇಡಿಯೋ ಸಂಪರ್ಕವಿದ್ದ ಸುಮಾರು 100 ಸಿಗ್ನಲ್‌ಗಳ ಜಾಲವನ್ನು ಪರೀಕ್ಷಿಸಿದರು. ಸಂದೇಶಗಳಿಗೆ ಗೂಢಲಿಪಿ ಇರಲಿಲ್ಲ, ಪಾಸ್‌ವರ್ಡ್‌ಗಳು ಕಾರ್ಖಾನೆಯಲ್ಲಿ ಇಟ್ಟವೇ ಆಗಿದ್ದವು. ಹೊರಗಿನಿಂದ ಒಳನುಗ್ಗಿ ದೀಪಗಳನ್ನು ಬದಲಿಸಲು ಅವರಿಗೆ ಸಾಧ್ಯವಾಯಿತು. ಆದರೆ ಎಲ್ಲ ಕಡೆ ಹಸಿರು ಮಾಡಲು ಆ ಕಾವಲು ಉಪಕರಣ ಬಿಡುವಂತಿರಲಿಲ್ಲ. ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಯೋಜನೆಯಲ್ಲಿ ಕಾವಲು ಉಪಕರಣದ ಬದಲಾವಣೆಯನ್ನು ಕೈಬಿಟ್ಟು ಉಳಿತಾಯ ತೋರಿಸುವುದಕ್ಕೆ ಎಂದೂ ಒಪ್ಪಬಾರದು. ಸಿಗ್ನಲ್‌ಗಳನ್ನು ಜಾಲಕ್ಕೆ ಸೇರಿಸುವ ಹೊಸ ಯೋಜನೆಯಲ್ಲಿ ಪಾಸ್‌ವರ್ಡ್ ಬದಲಾವಣೆಯಂಥ ಸಣ್ಣ ಕೆಲಸವೂ ಯಾರದಾದರೂ ಹೊಣೆಯಾಗಿರಬೇಕು.

ಇನ್ನು ನಿಮ್ಮ ಮಧ್ಯರಾತ್ರಿಯ ಕೆಂಪು ದೀಪ. ಇದಕ್ಕೆ ಅತಿ ಸಾಮಾನ್ಯವಾದ ಕಾರಣ ರಸ್ತೆಯೊಳಗಿದೆ. ನಿಲುಗಡೆ ಗೆರೆಯ ಹಿಂದೆ ಡಾಂಬರನ್ನು ಕೊರೆದು ಹೂತ ತಂತಿಯ ಸುರುಳಿಗೆ ಲೂಪ್ ಎನ್ನುತ್ತಾರೆ. ವಾಹನದ ಭಾರವನ್ನು ಅದು ತೂಗುತ್ತದೆ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಲೋಹ ಮೇಲೆ ಬಂದಾಗ ಸುರುಳಿಯ ವಿದ್ಯುತ್ಕಾಂತೀಯ ಗುಣದಲ್ಲಾಗುವ ಬದಲಾವಣೆಯನ್ನು ಅದು ಗುರುತಿಸುತ್ತದೆ. ಆದ್ದರಿಂದಲೇ ಸೂಕ್ಷ್ಮತೆಯನ್ನು ಸರಿಯಾಗಿ ಹೊಂದಿಸದ ಕಡೆ ಸೈಕಲ್ ಮತ್ತು ಸಣ್ಣ ದ್ವಿಚಕ್ರ ವಾಹನಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಡಾಂಬರು ಬಿರುಕು ಬಿಟ್ಟರೆ, ನೀರಿನ ಪೈಪಿಗಾಗಿ ರಸ್ತೆ ಅಗೆದರೆ, ಮರುಡಾಂಬರಿಗೆ ಮೇಲ್ಪದರ ಕೆರೆದರೆ ಆ ತಂತಿ ತುಂಡಾಗುತ್ತದೆ. ತುಂಡಾದಾಗ ಯಂತ್ರ ಏನು ಮಾಡಬೇಕು? ಅಡ್ಡರಸ್ತೆಯಲ್ಲಿ ವಾಹನವೇ ಇಲ್ಲವೆಂದು ಭಾವಿಸಿದರೆ ಅಲ್ಲಿ ನಿಂತವರಿಗೆ ಎಂದಿಗೂ ಹಸಿರು ಸಿಗದೆ ಅವರು ಕೆಂಪಿನಲ್ಲೇ ನುಗ್ಗುತ್ತಾರೆ. ಹಾಗಾಗಿ ಸುರಕ್ಷತೆಯ ದೃಷ್ಟಿಯಿಂದ, ಲೂಪ್ ಕೆಟ್ಟಾಗ ಅಲ್ಲಿ ಸದಾ ವಾಹನ ನಿಂತಿದೆಯೆಂದೇ ತಿಳಿಯುವಂತೆ ಕಂಟ್ರೋಲರನ್ನು ಹೊಂದಿಸಿರುತ್ತಾರೆ. ಅದರ ಫಲವೇ ನೀವು ಕಾಣುತ್ತಿರುವುದು: ಖಾಲಿ ಅಡ್ಡರಸ್ತೆಗೆ ರಾತ್ರಿಯಿಡೀ ಪ್ರತಿ ಸುತ್ತಿನಲ್ಲೂ ಹಸಿರು. ಹಗಲಿನಲ್ಲಿ ಅಡ್ಡರಸ್ತೆ ಹೇಗೂ ತುಂಬಿರುವುದರಿಂದ ಈ ದೋಷ ಯಾರಿಗೂ ತಿಳಿಯುವುದಿಲ್ಲ, ದೋಷಗಳ ದಾಖಲೆಗೂ ಸೇರುವುದಿಲ್ಲ. ದೀಪಗಳು ದಿನವೂ ಉರಿಯುತ್ತಿವೆ ಎಂಬ ನಿಮ್ಮ ಮಾತು ನಿಜವೇ ಆದರೂ ಸಿಗ್ನಲ್ ಸರಿಯಿಲ್ಲ ಎಂದು ನಾನು ಹೇಳುವುದು ಇದೇ ಆಧಾರದ ಮೇಲೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ದೋಷವಿದೆ. ಸಾಲಾಗಿರುವ ಮೂರು ನಾಲ್ಕು ಸಿಗ್ನಲ್‌ಗಳು ಒಂದರ ಹಿಂದೊಂದು ಹಸಿರಾಗಬೇಕಾದರೆ ಅವುಗಳ ಗಡಿಯಾರಗಳು ಸೆಕೆಂಡಿನ ಲೆಕ್ಕದಲ್ಲಿ ಹೊಂದಿಕೊಂಡಿರಬೇಕು. ಹಳೆಯ ಕಂಟ್ರೋಲರ್‌ಗಳ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋಗಿ ಬಂದಾಗಲೆಲ್ಲ ಗಡಿಯಾರ ತಪ್ಪುತ್ತದೆ. ಒಂದರಲ್ಲಿ ಇಪ್ಪತ್ತು ಸೆಕೆಂಡ್ ತಪ್ಪಿದರೂ ಸಾಕು, ಹಿಂದಿನ ಜಂಕ್ಷನ್ ಬಿಟ್ಟುಕೊಟ್ಟ ವಾಹನಗಳ ಗುಂಪು ಇಲ್ಲಿ ಬಂದು ತಪ್ಪದೆ ಕೆಂಪಿಗೇ ನಿಲ್ಲುತ್ತದೆ. ಉಪಗ್ರಹದಿಂದ ಸಮಯ ಪಡೆಯುವ ಒಂದು ಜಿಪಿಎಸ್ ಘಟಕ ಇದಕ್ಕೆ ಸಾಕು, ಇಡೀ ಸಿಗ್ನಲ್ ಬದಲಿಸಬೇಕೆಂದಿಲ್ಲ. ಪತ್ರಿಕಾ ಹೇಳಿಕೆಯಲ್ಲಿ ಬರೆದುಕೊಳ್ಳುವಷ್ಟು ದೊಡ್ಡ ಕೆಲಸವಲ್ಲವೆಂದೋ ಏನೋ, ಇದು ಯೋಜನಾ ಪಟ್ಟಿಯಲ್ಲಿ ಬಹಳ ಸಲ ಬಿಟ್ಟುಹೋಗುತ್ತದೆ.

ತಾಯಿಯವರ ವಿಷಯಕ್ಕೆ ಬರೋಣ. ಪಾದಚಾರಿ ಸಮಯವನ್ನು ಲೆಕ್ಕ ಹಾಕುವಾಗ ನಡಿಗೆಯ ವೇಗವೆಂದು ದಶಕಗಳ ಕಾಲ ಬಳಸುತ್ತ ಬಂದದ್ದು ಸೆಕೆಂಡಿಗೆ 1.2 ಮೀಟರ್. ಸಂಚಾರ ಸಿಗ್ನಲ್‌ಗಳ ಕುರಿತ ಅಮೆರಿಕದ ರಾಷ್ಟ್ರೀಯ ಕೈಪಿಡಿ 2009ರಲ್ಲಿ ಇದನ್ನು ಸುಮಾರು 1.07 ಮೀಟರ್‌ಗೆ ಇಳಿಸಿತು. 15 ಮೀಟರ್ ಅಗಲದ ರಸ್ತೆಗೆ ಮೊದಲ ಲೆಕ್ಕದಲ್ಲಿ ಹನ್ನೆರಡೂವರೆ ಸೆಕೆಂಡ್, ಎರಡನೆಯದರಲ್ಲಿ ಹದಿನಾಲ್ಕು ಸೆಕೆಂಡ್ ಬರುತ್ತದೆ. ವಯಸ್ಸಾದವರು, ಊರುಗೋಲು ಹಿಡಿದವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಅದೇ ರಸ್ತೆಗೆ ಹತ್ತೊಂಬತ್ತು ಸೆಕೆಂಡ್ ಬೇಕು. ನಿಮ್ಮ ಪೆಟ್ಟಿಗೆಯೊಳಗಿನ ಹಾಳೆ ಹಳೆಯದಾಗಿದ್ದರೆ ಅದರಲ್ಲಿರುವುದು ಬಹುಶಃ ಮೊದಲ ಲೆಕ್ಕವೇ. ಅದರ ಮೇಲೆ ರಸ್ತೆಯನ್ನು ನಡುವೆ ಎಂದಾದರೂ ಅಗಲ ಮಾಡಿದ್ದರೆ ಕೊರತೆ ಇನ್ನೂ ಹೆಚ್ಚು. ಒಂದು ಮಾತನ್ನು ಸೇರಿಸಬೇಕು. ಪಾದಚಾರಿಯ ಹಸಿರು ರಸ್ತೆಗೆ ಇಳಿಯಲು ಕೊಡುವ ಅನುಮತಿ. ದಾಟಿ ಮುಗಿಸಲು ಅದರ ನಂತರ ಮಿನುಗುವ ಅಥವಾ ಎಲ್ಲ ದೀಪಗಳೂ ಕೆಂಪಾಗಿರುವ ಅವಧಿಯನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆದ್ದರಿಂದ ಹಸಿರು ಶುರುವಾದಾಗಿನಿಂದ ಅಡ್ಡ ಬರುವ ವಾಹನಗಳಿಗೆ ಹಸಿರು ಬೀಳುವವರೆಗಿನ ಪೂರ್ತಿ ಸಮಯವನ್ನು ಮೊಬೈಲ್‌ನಲ್ಲಿ ಅಳೆದು, ರಸ್ತೆಯ ಅಗಲದ ಜೊತೆಗೆ ಬರೆದು ಕೊಡಿ. ಕಷ್ಟವಾಗುತ್ತಿದೆ ಎಂಬ ದೂರಿಗಿಂತ ಈ ಎರಡು ಅಂಕಿಗಳಿರುವ ದೂರಿಗೆ ಎಂಜಿನಿಯರ್ ಬೇಗ ಉತ್ತರ ಕೊಡುತ್ತಾರೆ, ಏಕೆಂದರೆ ಕೊಡಲೇಬೇಕಾಗುತ್ತದೆ. ಇದನ್ನು ಸರಿಪಡಿಸಲು ಹೊಸ ಸಿಗ್ನಲ್ ಬರುವವರೆಗೆ ಕಾಯಬೇಕಿಲ್ಲ. ಹಳೆಯ ಕಂಟ್ರೋಲರ್‌ನಲ್ಲೂ ಈ ಸೆಕೆಂಡ್‌ಗಳನ್ನು ಬದಲಿಸಬಹುದು. ವಾಹನಗಳಿಗೆ ಹಸಿರು ಬೀಳುವ 3ರಿಂದ 7 ಸೆಕೆಂಡ್ ಮೊದಲೇ ಪಾದಚಾರಿಗೆ ಹಸಿರು ಕೊಟ್ಟು, ತಿರುಗುವ ವಾಹನ ಬರುವ ಮೊದಲೇ ಅವರು ರಸ್ತೆಯಲ್ಲಿ ಕಾಣುವಂತೆ ಮಾಡುವ ಕ್ರಮವೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ, ಅದನ್ನೂ ಕೇಳಬಹುದು.

ಪಾದಚಾರಿ ಬಟನ್ ಬಗ್ಗೆ ನೀವು ಕೇಳಿಲ್ಲ, ಆದರೆ ಸಭೆಯಲ್ಲಿ ಯಾರಾದರೂ ಎತ್ತದೆ ಬಿಡುವುದಿಲ್ಲ. ಅದು ಬರೀ ತೋರಿಕೆಗೆ ಎಂಬ ಮಾತು ಕೆಲವೆಡೆ ನಿಜ. ನ್ಯೂಯಾರ್ಕ್ ನಗರದ ಹೆಚ್ಚಿನ ಬಟನ್‌ಗಳ ಸಂಪರ್ಕ ಎಂದೋ ತಪ್ಪಿಸಲಾಗಿತ್ತೆಂಬುದು 2004ರಲ್ಲಿ ಸುದ್ದಿಯಾಗಿತ್ತು. ಅಲ್ಲಿ ಪಾದಚಾರಿಯ ಸರದಿ ತಾನಾಗಿಯೇ ಬರುತ್ತಿದ್ದುದರಿಂದ ಬಟನ್‌ಗೆ ಕೆಲಸವಿರಲಿಲ್ಲ. ಬೇಡಿಕೆಯ ಮೇಲೆ ನಡೆಯುವ ಸಿಗ್ನಲ್‌ನಲ್ಲಾದರೋ ಬಟನ್ ಒತ್ತದಿದ್ದರೆ ಪಾದಚಾರಿಯ ಸರದಿಯೇ ಬರುವುದಿಲ್ಲ. ನಿಮ್ಮ ಜಂಕ್ಷನ್ ಯಾವ ಬಗೆಯದೆಂದು ಕೇಳಿ ತಿಳಿದುಕೊಳ್ಳಿ.

ಕ್ಯಾಮೆರಾ ಕುರಿತ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಎರಡು ಬಗೆಯ ಕ್ಯಾಮೆರಾಗಳನ್ನು ಬೇರ್ಪಡಿಸಿ ನೋಡಬೇಕು. ಲೂಪ್ ಹೂಳುವುದು ರಗಳೆಯ ಕೆಲಸವಾದ್ದರಿಂದ ಹೊಸ ಯೋಜನೆಗಳಲ್ಲಿ ಕಂಬದ ಮೇಲಿನ ಕ್ಯಾಮೆರಾ ಅಥವಾ ರೇಡಾರ್ ವಾಹನಗಳನ್ನು ಗುರುತಿಸುತ್ತದೆ. ಅದಕ್ಕೆ ಬೇಕಾದದ್ದು ಇಲ್ಲಿ ವಾಹನವಿದೆ ಅಥವಾ ಇಲ್ಲ ಎಂಬುದಷ್ಟೇ. ನಂಬರ್ ಪ್ಲೇಟ್ ಓದುವುದು ಅದರ ಕೆಲಸವಲ್ಲ. ದಂಡ ಹಾಕುವ ಕ್ಯಾಮೆರಾ ಬೇರೆಯದೇ ಉಪಕರಣ, ಅದರ ಕಾನೂನು ಬೇರೆ, ಹಣದ ಲೆಕ್ಕವೂ ಬೇರೆ. ಯೋಜನೆಯಲ್ಲಿ ಯಾವುದಿದೆ, ಚಿತ್ರಗಳನ್ನು ಸಂಗ್ರಹಿಸಿಡುತ್ತಾರೆಯೇ, ಎಷ್ಟು ದಿನ, ಯಾರ ಕೈಯಲ್ಲಿ ಎಂದು ಲಿಖಿತ ಉತ್ತರ ಕೇಳುವ ಹಕ್ಕು ನಿಮಗಿದೆ. ದಂಡದ ಕ್ಯಾಮೆರಾ ನಿಜಕ್ಕೂ ಬರುವುದಾದರೆ ಅದಕ್ಕೂ ಮೊದಲು ಹಳದಿಯ ಅವಧಿಯನ್ನು ಪರಿಶೀಲಿಸಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಚಾಲಕನಿಗೆ ಪ್ರತಿಕ್ರಿಯೆಗೆ ಒಂದು ಸೆಕೆಂಡ್ ಮತ್ತು ಹಿತವಾಗಿ ಬ್ರೇಕ್ ಹಾಕಲು ಬೇಕಾದ ಸಮಯ ಸೇರಿಸಿದರೆ ಸುಮಾರು 3.3 ಸೆಕೆಂಡ್ ಹಳದಿ ಬೇಕು; 65 ಕಿಲೋಮೀಟರ್ ಆದರೆ 4 ಸೆಕೆಂಡ್. ವೇಗದ ಮಿತಿ ಬದಲಾಗಿ ಹಳದಿ ಹಾಗೆಯೇ ಉಳಿದ ಕಡೆಗಳಲ್ಲಿ ಚಾಲಕನನ್ನು ದೂರಿ ಪ್ರಯೋಜನವಿಲ್ಲ.

ಈಗ ಹಣದ ಪ್ರಶ್ನೆ. ನಿಮ್ಮ ಪೌರಸಂಸ್ಥೆಯ ಮುಂದೆ ಇರಬಹುದಾದ ದಾರಿಗಳು ಒಂದೇ ತೂಕದವಲ್ಲ. ಏನನ್ನೂ ಬದಲಿಸದೆ ಹೊಸದಾಗಿ ವಾಹನ ಎಣಿಕೆ ಮಾಡಿ ಸಮಯಗಳನ್ನು ಮಾತ್ರ ಮರುಲೆಕ್ಕ ಹಾಕುವುದು ಎಲ್ಲಕ್ಕಿಂತ ಅಗ್ಗದ ದಾರಿ, ಮತ್ತು ಖರ್ಚಿಗೆ ಹೋಲಿಸಿದರೆ ಇದರಷ್ಟು ಫಲ ಕೊಡುವುದು ಬೇರೆ ಇಲ್ಲ. ಮೂರರಿಂದ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕೆಂದು ವೃತ್ತಿಯಲ್ಲಿರುವವರು ಹೇಳುತ್ತ ಬಂದಿದ್ದಾರೆ, ಆದರೆ ಅದಕ್ಕಾಗಿ ಪ್ರತ್ಯೇಕ ಹಣ ಇಡುವ ಆಡಳಿತಗಳು ವಿರಳ. ಇದರ ಮಿತಿಯೂ ಸ್ಪಷ್ಟ: ಕೆಟ್ಟ ಲೂಪನ್ನು, ಸಿಗದ ಬಿಡಿಭಾಗವನ್ನು ಸಮಯದ ಲೆಕ್ಕ ಸರಿಪಡಿಸಲಾರದು.

ಎರಡನೆಯದು, ಕಂಬ ಮತ್ತು ನೆಲದಡಿಯ ಕೊಳವೆಗಳನ್ನು ಉಳಿಸಿಕೊಂಡು ಕಂಟ್ರೋಲರ್, ಕಾವಲು ಉಪಕರಣ, ವಾಹನ ಗುರುತಿಸುವ ವ್ಯವಸ್ಥೆ ಮತ್ತು ಸಂಪರ್ಕವನ್ನು ಬದಲಿಸುವುದು. ನಿಮ್ಮ ವಿವರಣೆ ಓದಿದರೆ ಹೆಚ್ಚಿನ ಜಂಕ್ಷನ್‌ಗಳಿಗೆ ಇದೇ ಸಾಕಾಗಬಹುದು. ಇಲ್ಲಿಯ ಅಪಾಯ ನೆಲದಡಿಯಲ್ಲಿದೆ. ಹಳೆಯ ಕೇಬಲ್‌ನ ಹೊದಿಕೆ ಗಟ್ಟಿಯಾಗಿ ಬಿರಿದಿದ್ದರೆ ಹೊಸ ಕಂಟ್ರೋಲರ್ ಹಾಕಿದ ಮೊದಲ ಮಳೆಗೇ ಸೋರಿಕೆಯ ದೋಷಗಳು ಶುರುವಾಗುತ್ತವೆ, ಗುತ್ತಿಗೆದಾರ ಕೇಬಲ್ ಕಡೆ ಬೆರಳು ತೋರಿಸುತ್ತಾನೆ, ಪೌರಸಂಸ್ಥೆ ಕಂಟ್ರೋಲರ್ ಕಡೆ. ಆದ್ದರಿಂದ ಟೆಂಡರ್‌ಗೆ ಮೊದಲೇ ಕೇಬಲ್‌ಗಳ ನಿರೋಧಕತೆಯ ಪರೀಕ್ಷೆ ಆಗಿರಬೇಕು. ಕಂಬಗಳನ್ನೂ ಬುಡದಲ್ಲಿ ನೋಡಬೇಕು. ಮೇಲೆಲ್ಲ ಹೊಸ ಬಣ್ಣವಿದ್ದು ನೆಲಮಟ್ಟದಲ್ಲಿ, ನೀರು ನಿಲ್ಲುವ ಕಡೆ, ತುಕ್ಕು ಕೊರೆದಿರುತ್ತದೆ.

ಮೂರನೆಯದು ಪೂರ್ತಿ ಮರುನಿರ್ಮಾಣ. ಇದರಲ್ಲಿ ಹಣದ ಬಹುಪಾಲು ಅಗೆತ, ಕೊಳವೆ, ಕೇಬಲ್, ಪಾದಚಾರಿ ಮಾರ್ಗದ ಮರುಜೋಡಣೆಗೆ ಹೋಗುತ್ತದೆ, ಕಣ್ಣಿಗೆ ಕಾಣುವ ಸಿಗ್ನಲ್‌ಗೆ ಹೋಗುವುದು ಸಣ್ಣ ಪಾಲು. ಮೊತ್ತ ನೋಡಿ ಗುತ್ತಿಗೆದಾರರ ಲಾಭವೆಂದು ಅನುಮಾನಿಸುವ ಮೊದಲು ಈ ವಿಭಜನೆಯನ್ನು ಕೇಳಿ ನೋಡಿ. ಅನುಮಾನ ಆಮೇಲೂ ಉಳಿದರೆ ಅದಕ್ಕೆ ಆಧಾರವಾದರೂ ಇರುತ್ತದೆ. ದೀಪಗಳಿಗೆ ಕಡಿಮೆ ವೋಲ್ಟೇಜಿನ ವಿದ್ಯುತ್ ಕೊಡುವ ವ್ಯವಸ್ಥೆಗೆ ಬದಲಾಗಲು ಇದು ಒಳ್ಳೆಯ ಸಮಯ. ವಾಹನ ಗುದ್ದಿ ಕಂಬ ಮುರಿದಾಗ ಹೊರಬೀಳುವ ತಂತಿಯಿಂದ ಆಘಾತವಾಗುವ ಅಪಾಯ ಅದರಿಂದ ಬಹಳ ಕಡಿಮೆಯಾಗುತ್ತದೆ.

ನಾಲ್ಕನೆಯದು, ಸಂಚಾರಕ್ಕೆ ತಕ್ಕಂತೆ ಕ್ಷಣಕ್ಷಣಕ್ಕೂ ಸಮಯವನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ. ಈಗ ಇದಕ್ಕೆ ಕೃತಕ ಬುದ್ಧಿಮತ್ತೆಯ ಹೆಸರಿಟ್ಟು ಮಾರುತ್ತಾರೆ, ಆದರೆ ಕಲ್ಪನೆ ಹೊಸದಲ್ಲ. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ ಎಂಬ ವ್ಯವಸ್ಥೆಗಳು 1970ರ ದಶಕದಲ್ಲೇ ರೂಪುಗೊಳ್ಳತೊಡಗಿದ್ದವು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 2012ರಲ್ಲಿ ಒಂಬತ್ತು ಜಂಕ್ಷನ್‌ಗಳಲ್ಲಿ ಶುರುವಾದ ಪ್ರಯೋಗದಲ್ಲಿ ಪ್ರಯಾಣದ ಸಮಯ ಸುಮಾರು ಕಾಲುಭಾಗ ಇಳಿದದ್ದು ವರದಿಯಾಗಿದೆ. ದಿನದಿಂದ ದಿನಕ್ಕೆ ಸಂಚಾರ ಏರುಪೇರಾಗುವ ಕಡೆ ಇಂಥದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದು ಪೂರ್ತಿಯಾಗಿ ವಾಹನ ಗುರುತಿಸುವ ಉಪಕರಣಗಳ ಮೇಲೆ ನಿಂತಿದೆ. ಅವುಗಳನ್ನು ದುರಸ್ತಿಯಲ್ಲಿಡಲಾಗದ ಆಡಳಿತ ಇದನ್ನು ಕೊಂಡರೆ, ಎರಡು ಮೂರು ವರ್ಷಗಳಲ್ಲಿ ಅದು ನಿಗದಿತ ಸಮಯದ ಹಳೆಯ ಸಿಗ್ನಲ್‌ನಂತೆಯೇ ಓಡುತ್ತಿರುತ್ತದೆ, ವಾರ್ಷಿಕ ಪರವಾನಗಿ ಶುಲ್ಕ ಮಾತ್ರ ನಿಲ್ಲುವುದಿಲ್ಲ.

ಯಾವ ವ್ಯವಸ್ಥೆಯೂ ರಸ್ತೆಯನ್ನು ಅಗಲ ಮಾಡಲಾರದು ಎಂಬುದನ್ನೂ ಹೇಳಲೇಬೇಕು. ಒಳ್ಳೆಯ ಸ್ಥಿತಿಯಲ್ಲಿ ರಸ್ತೆಯ ಒಂದು ಲೇನ್‌ಗೆ ನಿರಂತರ ಹಸಿರಿದ್ದರೂ ಗಂಟೆಗೆ ಸುಮಾರು 1,900 ಕಾರುಗಳು ದಾಟಬಹುದು. ಸುತ್ತಿನ ನೂರಕ್ಕೆ ನಲವತ್ತು ಪಾಲು ಹಸಿರು ಸಿಕ್ಕರೆ 760. ಬರುವ ವಾಹನಗಳು 800 ಆದರೆ ಪ್ರತಿ ಗಂಟೆಗೆ ನಲವತ್ತು ಹೆಚ್ಚುವರಿಯಾಗಿ ಸಾಲಿಗೆ ಸೇರುತ್ತವೆ, ಲೆಕ್ಕ ಅಷ್ಟೇ. ಲಾಸ್ ಏಂಜಲೀಸ್ ನಗರ 2013ರ ಹೊತ್ತಿಗೆ ತನ್ನ ಸುಮಾರು 4,400 ಸಿಗ್ನಲ್‌ಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸಿ ಹೊಂದಿಸಿತು. ಅಲ್ಲಿನ ದಟ್ಟಣೆ ಇಂದಿಗೂ ಹೆಸರುವಾಸಿಯೇ. ಹೊಸ ಸಿಗ್ನಲ್‌ನಿಂದ ದಟ್ಟಣೆ ಮಾಯವಾಗುತ್ತದೆ ಎಂದು ನಿಮ್ಮ ಪೌರಸಂಸ್ಥೆ ಭರವಸೆ ಕೊಡುತ್ತಿದ್ದರೆ ಅದು ಕೊಡಬಾರದ ಭರವಸೆ.

ಇನ್ನು ಸಿಗ್ನಲ್‌ಗಳನ್ನೇ ತೆಗೆಯುವ ಮಾತು. ಇದನ್ನು ಹುಚ್ಚು ಸಲಹೆಯೆಂದು ನಗಬೇಕಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ವಾಹನ ಕಡಿಮೆಯಿದ್ದ, ಏಕಮುಖ ಬೀದಿಗಳು ಕೂಡುವ 199 ಕಡೆ ಸಿಗ್ನಲ್ ತೆಗೆದು ಎಲ್ಲ ದಿಕ್ಕಿನವರೂ ನಿಂತು ಹೋಗಬೇಕೆಂಬ ಫಲಕ ಹಾಕಿದಾಗ ಅಪಘಾತಗಳು ಸುಮಾರು ನೂರಕ್ಕೆ 24ರಷ್ಟು ಇಳಿದವೆಂದು 1997ರ ಅಧ್ಯಯನವೊಂದು ತೋರಿಸಿತು. ಹಿಂದೆಂದೋ ಶಾಲೆ, ಕಾರ್ಖಾನೆ ಇದ್ದ ಕಾರಣಕ್ಕೆ ಹಾಕಿ, ಈಗ ಬೇಕಿಲ್ಲದ ಸಿಗ್ನಲ್‌ಗಳು ನಿಮ್ಮಲ್ಲೂ ಒಂದೆರಡು ಇರಬಹುದು. ಅವುಗಳಿಗೆ ಹೊಸ ಉಪಕರಣ ಹಾಕುವುದು ನಿಜವಾದ ಪೋಲು. ಆದರೆ ಅದೇ ಫಲಿತಾಂಶವನ್ನು ವಾಹನ ತುಂಬಿದ ಅಗಲವಾದ ಮುಖ್ಯರಸ್ತೆಗೆ ಅನ್ವಯಿಸಲು ಬರುವುದಿಲ್ಲ. ಅಲ್ಲಿ ಸಿಗ್ನಲ್ ಇಲ್ಲವಾದರೆ ದೃಷ್ಟಿಹೀನರಿಗೂ ನಿಧಾನವಾಗಿ ನಡೆಯುವವರಿಗೂ ದಾಟುವ ಅವಕಾಶವೇ ಇಲ್ಲದಂತಾಗುತ್ತದೆ. ತೆಗೆಯುವುದಾದರೂ ಒಂದು ರಾತ್ರಿಯಲ್ಲಿ ತೆಗೆಯಬಾರದು. ಕನಿಷ್ಠ 90 ದಿನ ದೀಪಗಳನ್ನು ಮುಚ್ಚಿಟ್ಟು ಅಥವಾ ಮಿನುಗಿಸುತ್ತ ಪರಿಣಾಮ ನೋಡುವ ಪದ್ಧತಿ ಅಮೆರಿಕದಲ್ಲಿದೆ, ಅದು ಅನುಸರಿಸಲು ಯೋಗ್ಯ. ಜಾಗವಿದ್ದಲ್ಲಿ ವೃತ್ತಾಕಾರದ ಜಂಕ್ಷನ್ ಕೂಡ ಒಂದು ಆಯ್ಕೆ: ಗಾಯವಾಗುವಂಥ ಅಪಘಾತಗಳನ್ನು ಇಳಿಸುವುದರಲ್ಲಿ ಅದು ಸಿಗ್ನಲ್‌ಗಿಂತ ಮೇಲು, ಆದರೆ ಕಿಕ್ಕಿರಿದ ಪಾದಚಾರಿಗಳಿರುವ ಕಡೆ ಹೊಂದುವುದಿಲ್ಲ.

ಸಭೆಯಲ್ಲಿ ಕೇಳಬೇಕಾದದ್ದರಲ್ಲಿ ಮೊದಲನೆಯದು ಕಳೆದ ಮೂರು ವರ್ಷಗಳ ದೋಷಗಳ ದಾಖಲೆ: ಪ್ರತಿ ಜಂಕ್ಷನ್‌ನಲ್ಲಿ ಎಷ್ಟು ಸಲ ಕೆಟ್ಟಿದೆ, ಸರಿಪಡಿಸಲು ಎಷ್ಟು ದಿನ ಹಿಡಿದಿದೆ, ಯಾವುದರ ಬಿಡಿಭಾಗ ಸಿಗುತ್ತಿಲ್ಲ. ಯಾವ ಜಂಕ್ಷನ್ ಮೊದಲು ಎಂಬ ಪಟ್ಟಿ ಆ ದಾಖಲೆಯಿಂದಲೂ ಅಪಘಾತಗಳ ಲೆಕ್ಕದಿಂದಲೂ ಹುಟ್ಟಿದ್ದಾಗಿರಬೇಕು, ವಯಸ್ಸೊಂದರಿಂದಲ್ಲ. ಹೊಸ ಉಪಕರಣ ಬೇರೆ ಕಂಪನಿಗಳ ಉಪಕರಣದ ಜೊತೆ ಮಾತನಾಡುವ ಮುಕ್ತ ಮಾನದಂಡದ್ದೇ ಅಥವಾ ಮುಂದಿನ ಇಪ್ಪತ್ತು ವರ್ಷ ಒಬ್ಬರೇ ಮಾರಾಟಗಾರರಿಗೆ ಕಟ್ಟುಬೀಳಬೇಕೇ ಎಂಬುದು ಇನ್ನೊಂದು. ಸಂಪರ್ಕಕ್ಕೆ ಮೊಬೈಲ್ ಜಾಲ ಬಳಸುವುದಾದರೆ ಮೋಡೆಮ್ ಮಾತ್ರ ಬದಲಿಸಲು ಬರುತ್ತದೆಯೇ ಎಂದೂ ಕೇಳಿ. ಹಳೆಯ ಪೀಳಿಗೆಯ ಜಾಲಗಳು ಮುಚ್ಚಿದಾಗ ಸುಸ್ಥಿತಿಯಲ್ಲಿದ್ದ ಕಂಟ್ರೋಲರ್‌ಗಳೂ ಕೇಂದ್ರದ ಕಣ್ಣಿಗೆ ಕಾಣದಂತಾದ ಉದಾಹರಣೆಗಳಿವೆ. ಅನುದಾನ ಬರುವುದು ಸಾಮಾನ್ಯವಾಗಿ ಬಂಡವಾಳ ವೆಚ್ಚಕ್ಕೆ. ನಿರ್ವಹಣೆಯ ಹಣ ಪ್ರತಿ ವರ್ಷ ಬೇರೆ ಲೆಕ್ಕದಿಂದ ಬರಬೇಕು, ಅದು ಯಾವ ಲೆಕ್ಕ ಎಂಬ ಉತ್ತರ ಅದೇ ಸಭೆಯಲ್ಲಿ ಸಿಗಬೇಕು. ಸಿಗ್ನಲ್ ಚಾಲೂ ಆದ ದಿನವೇ ಅಂತಿಮ ಬಿಲ್ ಪಾವತಿಸದೆ, ಕೆಲವು ವಾರಗಳ ನಂತರ ಹೊಸ ಎಣಿಕೆಯ ಆಧಾರದ ಮೇಲೆ ಸಮಯಗಳನ್ನು ಮತ್ತೊಮ್ಮೆ ಹೊಂದಿಸಿಕೊಟ್ಟ ಮೇಲೆ ಪಾವತಿಸುವ ಷರತ್ತು ಟೆಂಡರ್‌ನಲ್ಲಿದ್ದರೆ ಒಳ್ಳೆಯದು.

ಕೊನೆಯದಾಗಿ, ಎಲ್ಲ ಜಂಕ್ಷನ್‌ಗಳೂ ಒಂದೇ ವರ್ಷದಲ್ಲಿ ಬದಲಾಗುವುದಿಲ್ಲ. ಮೊದಲ ಹಂತದಲ್ಲಿ ಕಿತ್ತ ಹಳೆಯ ಕಾರ್ಡ್, ಸ್ವಿಚ್, ವಿದ್ಯುತ್ ಘಟಕಗಳನ್ನು ಗುತ್ತಿಗೆದಾರ ಗುಜರಿಗೆ ಹಾಕದೆ, ಪರೀಕ್ಷಿಸಿ, ಗುರುತಿನ ಚೀಟಿ ಅಂಟಿಸಿ ಪೌರಸಂಸ್ಥೆಯ ಉಗ್ರಾಣಕ್ಕೆ ಒಪ್ಪಿಸಬೇಕೆಂದು ಒಪ್ಪಂದದಲ್ಲಿ ಬರೆಸಿ. ಸರದಿ ಬರುವವರೆಗೆ ಉಳಿದ ಜಂಕ್ಷನ್‌ಗಳು ನಡೆಯಬೇಕಾದದ್ದು ಆ ಬಿಡಿಭಾಗಗಳಿಂದಲೇ.